ಯಾರ ಜೊತೆ ರೋಲ್ ಮಾಡೋದು? ಜಿಯು-ಜಿತ್ಸು ಮ್ಯಾಟ್ ಮೇಲೆ ಅನುಭವಿ ಜೋಡಿಯ ಆಯ್ಕೆ

ಟೆಕ್ನಿಕ್ ಹೇಳಿಕೊಟ್ಟಾದ ಮೇಲೆ ರೋಲ್‌ಗೆ, ಅಂದರೆ ಅಭ್ಯಾಸದ ಪಂದ್ಯಕ್ಕೆ (ಸ್ಪಾರಿಂಗ್), ಕೋಚ್ ‘ಜೋಡಿ ಮಾಡ್ಕೊಳ್ಳಿ’ ಅನ್ನುತ್ತಾರೆ. ನೆಲದ ಮೇಲೆ ಹಿಡಿತ, ಪಟ್ಟುಗಳಿಂದ ಆಡುವ ಬ್ರೆಜಿಲಿಯನ್ ಜಿಯು-ಜಿತ್ಸುಗೆ ಸೇರಿ ಕೆಲವೇ ತಿಂಗಳಾದವರಿಗೆ ತಲೆಬಿಸಿ ಶುರುವಾಗುವುದು ಅಲ್ಲಿಂದಲೇ. ಮೂಲೆಯಲ್ಲಿ ಬ್ಲ್ಯಾಕ್ ಬೆಲ್ಟ್ ಕೂತಿದ್ದಾರೆ. ಪರ್ಪಲ್ ಬೆಲ್ಟಿನ ಅಕ್ಕ ಒಬ್ಬರು ನೀರು ಕುಡಿಯುತ್ತಿದ್ದಾರೆ. ಹೋದ ವಾರವಷ್ಟೇ ಬ್ಲೂ ಆದ ಹುಡುಗ ಆಗಲೇ ಕೈ ಮಾಡಿ ಕರೆಯುತ್ತಿದ್ದಾನೆ. ಇನ್ನೊಂದು ಕಡೆ ನಿಮ್ಮ ಜೊತೆಗೇ ಸೇರಿದ ವೈಟ್ ಬೆಲ್ಟ್ ಗೆಳೆಯ. ‘ಗಟ್ಟಿಗರ ಜೊತೆ ಆಡಿದರೇ ಕಲಿಯೋದು’ ಅಂತ ಒಬ್ಬರು ಹೇಳಿರುತ್ತಾರೆ. ‘ಮೊದಲು ನಿನ್ನ ಮಟ್ಟದವರ ಜೊತೆ ಆಡು’ ಅಂತ ಇನ್ನೊಬ್ಬರು. ಇಬ್ಬರ ಮಾತೂ ಸರಿ ಇರುವುದರಿಂದಲೇ ಗೊಂದಲ.

ಜೋಡಿ ಆರಿಸುವಾಗ ನಿಮ್ಮ ಕೈಯಲ್ಲಿರುವ ಬಜೆಟ್ ಅಂದರೆ ದುಡ್ಡಿಗಿಂತ ಮೊದಲು ರೌಂಡು. ಒಂದು ಗಂಟೆಯ ಕ್ಲಾಸಿನಲ್ಲಿ ವಾರ್ಮ್‌ಅಪ್, ಟೆಕ್ನಿಕ್ ಎಲ್ಲ ಕಳೆದರೆ ಸ್ಪಾರಿಂಗ್‌ಗೆ ಇಪ್ಪತ್ತು ನಿಮಿಷ ಉಳಿದರೆ ಹೆಚ್ಚು. ನಡುವಿನ ಬಿಡುವು ಬಿಟ್ಟರೆ ಐದೈದು ನಿಮಿಷದ ಮೂರು ರೌಂಡು. ವಾರಕ್ಕೆ ಮೂರು ದಿನ ಹೋಗುವವರ ಕೈಯಲ್ಲಿ ಇರುವುದು 9 ರೌಂಡು, ಅಂದರೆ 45 ನಿಮಿಷ. ಅದನ್ನು ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಲೆಕ್ಕ ಹಾಕಬೇಕಾದ ವಿಷಯವೇ.

ಅಳೆಯುವುದು ಹೇಗೆ

ಬೆಲ್ಟಿನ ಬಣ್ಣ ನೋಡಿ ಆರಿಸಿಕೊಳ್ಳುವುದು ಸುಲಭ. ಆದರೆ ಬಣ್ಣ ಹೇಳುವುದು ಅವರಿಗೆ ಎಷ್ಟು ಗೊತ್ತು ಅಂತ ಮಾತ್ರ. ನಿಮಗೆ ಎಷ್ಟು ಸಿಗುತ್ತದೆ ಅಂತ ಅಲ್ಲ. ಅನುಭವಿ ಅಂದರೆ ನಿಮ್ಮನ್ನು ಸೋಲಿಸುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಗೊತ್ತಿರುವವರು. ಆ ಜಾಸ್ತಿ ಇರುವುದನ್ನು ಅವರು ಏನು ಮಾಡುತ್ತಾರೆ ಅಂತ ನೋಡಿ.

ನೋಡಬೇಕಾದ ಮೊದಲ ವಿಷಯ, ಮರುದಿನ ನಿಮ್ಮನ್ನು ಕೆಲಸಕ್ಕೆ ಹೋಗುವ ಸ್ಥಿತಿಯಲ್ಲಿ ಬಿಡುತ್ತಾರಾ ಅನ್ನುವುದು. ಪಟ್ಟು ಬಿದ್ದ ಮೇಲೆ ನಿಧಾನಕ್ಕೆ ಬಿಗಿ ಮಾಡುತ್ತಾರಾ, ಟ್ಯಾಪ್ ಆದ (ಸೋತೆ ಅಂತ ಕೈ ತಟ್ಟಿದ) ಕೂಡಲೇ ಬಿಡುತ್ತಾರಾ? ಇದರಲ್ಲಿ ಫೇಲಾದವರಿಗೆ ಉಳಿದ ಯಾವ ಅಂಕವೂ ಬೇಡ.

ಆಮೇಲೆ, ನಿಮ್ಮ ಒಂದೇ ತಪ್ಪಿಗೆ ಪ್ರತಿ ಸಲ ಒಂದೇ ಉತ್ತರ ಸಿಗುತ್ತದಾ? ಮೊಣಕೈ ಹೊರಗೆ ಬಿಟ್ಟಾಗ ಒಮ್ಮೆ ಶಿಕ್ಷೆ ಸಿಕ್ಕಿ, ಹತ್ತು ಸಲ ಏನೂ ಆಗದಿದ್ದರೆ ಅದು ತಪ್ಪು ಅಂತಲೇ ಮೈಗೆ ತಿಳಿಯುವುದಿಲ್ಲ. ನುರಿತವರ ಜೊತೆ ಆಡುವುದರ ದೊಡ್ಡ ಲಾಭ ಇದೇ. ಅವರ ಬಲ, ವೇಗ ಎಲ್ಲ ಆಮೇಲಿನ ಮಾತು.

ಮೂರನೆಯದು ಜಾಗ. ಐದು ನಿಮಿಷದಲ್ಲಿ ನೀವು ಒಂದಾದರೂ ಸ್ವೀಪ್ (ಕೆಳಗಿನಿಂದ ಎದುರಾಳಿಯನ್ನು ಉರುಳಿಸಿ ಮೇಲೆ ಬರುವುದು), ಒಂದಾದರೂ ಗಾರ್ಡ್ ಪಾಸ್ (ಕೆಳಗಿರುವವರ ಕಾಲಿನ ತಡೆ ದಾಟುವುದು) ಶುರು ಮಾಡುವಷ್ಟು ಅವಕಾಶ ಸಿಗುತ್ತದಾ? ಕೊನೆಗೆ, ರೌಂಡ್ ಮುಗಿದ ಮೇಲೆ ನಾಳೆ ಬಳಸಬಹುದಾದ ಒಂದು ಮಾತು. ಒಂದೇ ಸಾಕು. ಹತ್ತು ನಿಮಿಷ ಪ್ರವಚನ ಕೊಡುವವರು ನಿಮ್ಮ ಮುಂದಿನ ಎರಡು ರೌಂಡನ್ನೂ ತಿಂದುಹಾಕುತ್ತಾರೆ.

ಬ್ಲ್ಯಾಕ್ ಬೆಲ್ಟ್: ಔಷಧದ ಅಳತೆಯಲ್ಲಿ

ದೊಡ್ಡವರ ಬೆಲ್ಟಿನ ಕ್ರಮ ಗೊತ್ತಿರುವುದೇ: ವೈಟ್, ಬ್ಲೂ, ಪರ್ಪಲ್, ಬ್ರೌನ್, ಬ್ಲ್ಯಾಕ್. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟ) ನಿಯಮದಲ್ಲಿ ಬ್ಲೂನಲ್ಲಿ ಸಾಮಾನ್ಯವಾಗಿ ಕನಿಷ್ಠ 2 ವರ್ಷ, ಪರ್ಪಲ್‌ನಲ್ಲಿ ಒಂದೂವರೆ, ಬ್ರೌನ್‌ನಲ್ಲಿ 1 ವರ್ಷ ಇರಬೇಕು. ನಡೆಯುವಾಗ ಇದಕ್ಕಿಂತ ಬಹಳ ನಿಧಾನ. ಬ್ಲ್ಯಾಕ್ ಆಗುವ ಹೊತ್ತಿಗೆ ಹತ್ತು ವರ್ಷದ ಆಸುಪಾಸು ಮ್ಯಾಟ್ ಮೇಲೆ ಕಳೆದಿರುತ್ತಾರೆ.

ಸುರಕ್ಷತೆಯಲ್ಲಿ ಇವರಿಗೆ ಪೂರ್ತಿ ಅಂಕ. ನೀವು ಗಾಬರಿಯಲ್ಲಿ ಕೈಕಾಲು ಬಡಿದರೂ ಇಬ್ಬರಿಗೂ ಏಟಾಗದ ಹಾಗೆ ನಿಭಾಯಿಸುತ್ತಾರೆ. ತೊಂದರೆ ಇರುವುದು ಮೂರನೆಯ ಅಳತೆಯಲ್ಲಿ. ಸೈಡ್ ಕಂಟ್ರೋಲ್‌ನಲ್ಲಿ (ಪಕ್ಕದಿಂದ ಎದೆಯ ಮೇಲೆ ಒರಗಿ ಹಿಡಿದಾಗ) ಅವರ ಭುಜ ನಿಮ್ಮ ದವಡೆಗೆ ಒತ್ತಿ ಮುಖವನ್ನು ಆಚೆ ತಿರುಗಿಸುತ್ತದೆ. ಮುಖ ಆಚೆ ಹೋದ ಮೇಲೆ ಮೈಯನ್ನು ಈಚೆ ತಿರುಗಿಸಲು ಆಗುವುದಿಲ್ಲ. ಅಲ್ಲಿಂದ ಮುಂದೆ ಏನೇ ಮಾಡಿದರೂ ಅದು ಅವರಿಗೆ ಮೊದಲೇ ಗೊತ್ತಿರುತ್ತದೆ. ಒಂದು ರೌಂಡಿನಲ್ಲಿ ಆರು ಸಲ ಟ್ಯಾಪ್ ಮಾಡಿ ಎದ್ದರೆ ಆರೂ ಹೇಗಾಯಿತು ಅಂತ ನಿಮಗೆ ನೆನಪಿರುವುದಿಲ್ಲ. ಯಾಕೆಂದರೆ ತಪ್ಪು ನಡೆದದ್ದು ಟ್ಯಾಪ್‌ಗಿಂತ ನಾಲ್ಕು ಹೆಜ್ಜೆ ಹಿಂದೆ.

ಹಾಗಂತ ಬೇಡ ಅಂತಲ್ಲ. ವಾರಕ್ಕೆ ಒಂದು ರೌಂಡು ಬ್ಲ್ಯಾಕ್ ಬೆಲ್ಟ್ ಜೊತೆ ಇರಲಿ. ಅದನ್ನು ರೋಗ ಪತ್ತೆ ಮಾಡಿಸಿಕೊಳ್ಳುವುದಕ್ಕೆ ಬಳಸಿ. ‘ಕೋಚ್, ಇವತ್ತು ನನ್ನ ಹಾಫ್ ಗಾರ್ಡ್ ನೋಡಿ’ ಅಂತ ಮೊದಲೇ ಹೇಳಿದರೆ ಐದು ನಿಮಿಷವೂ ಆ ಸ್ಥಿತಿಯಲ್ಲೇ (ಎದುರಾಳಿಯ ಒಂದು ಕಾಲನ್ನು ನಿಮ್ಮ ಎರಡೂ ಕಾಲಿನ ನಡುವೆ ಹಿಡಿದು) ಆಡಿಸುತ್ತಾರೆ. ಇನ್ನೂ ಒಂದಿದೆ. ಕೋಚ್ ಜೊತೆ ಆಡುವುದಕ್ಕಿಂತ, ಕೋಚ್ ಪಕ್ಕದಲ್ಲಿ ಕೂತು ನೋಡುತ್ತಿರುವಾಗ ಬೇರೆಯವರ ಜೊತೆ ಆಡುವುದರಿಂದ ಎಷ್ಟೋ ಸಲ ಜಾಸ್ತಿ ಸಿಗುತ್ತದೆ. ಹೊರಗಿನಿಂದ ಅವರಿಗೆ ನಿಮ್ಮ ಕಾಲು, ಸೊಂಟ, ಕೈ ಎಲ್ಲ ಒಟ್ಟಿಗೆ ಕಾಣುತ್ತದೆ. ಇದನ್ನು ಕೇಳುವವರೇ ಕಡಿಮೆ. ಎಲ್ಲರಿಗೂ ಕೋಚ್ ಜೊತೆ ರೋಲ್ ಮಾಡಿದೆ ಅಂತ ಹೇಳಿಕೊಳ್ಳುವ ಆಸೆ.

ಪರ್ಪಲ್, ಬ್ರೌನ್: ಹೆಚ್ಚಿನ ಪಾಲು ಇಲ್ಲಿಗೆ

ಹೊಸಬರಿಗೆ, ಮೊದಲ ಎರಡು ವರ್ಷದವರೆಗೂ, ಸಿಗುವ ಜೋಡಿಗಳಲ್ಲಿ ಅತಿ ಒಳ್ಳೆಯವರು ಇವರೇ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ಪರ್ಪಲ್. ತಾವು ವೈಟ್ ಬೆಲ್ಟ್ ಆಗಿದ್ದಾಗ ಎಲ್ಲಿ ಸಿಕ್ಕಿಬೀಳುತ್ತಿದ್ದೆವು ಅನ್ನುವುದು ಇವರಿಗೆ ಇನ್ನೂ ನೆನಪಿದೆ. ನಿಮ್ಮನ್ನು ಗೆದ್ದು ಸಾಬೀತು ಮಾಡಬೇಕಾದದ್ದೂ ಏನಿಲ್ಲ.

ನೀವು ಅವರ ಕ್ಲೋಸ್ಡ್ ಗಾರ್ಡ್ ಒಳಗಿದ್ದೀರಿ ಅಂದುಕೊಳ್ಳಿ. ಅವರು ಅಂಗಾತ ಮಲಗಿದ್ದಾರೆ, ಎರಡೂ ಕಾಲು ನಿಮ್ಮ ಸೊಂಟ ಸುತ್ತಿ ಹಿಂದೆ ಪಾದ ಹೆಣೆದುಕೊಂಡಿವೆ. ಬಿಡಿಸಿಕೊಳ್ಳುವ ಆತುರದಲ್ಲಿ ನೀವು ಅವರ ಎದೆಗೆ ಕೈಯೂರಿ ತಳ್ಳುತ್ತೀರಿ. ಮೊಣಕೈ ನೆಟ್ಟಗಾಗುತ್ತದೆ. ನಿಮ್ಮಷ್ಟೇ ಹೊಸಬರಿಗೆ ಆ ಮೊಣಕೈ ಕಾಣುವುದೇ ಇಲ್ಲ. ಬ್ಲ್ಯಾಕ್ ಬೆಲ್ಟ್ ಆದರೆ ನೀವು ತಳ್ಳುವ ಮೊದಲೇ ಇನ್ನೆಲ್ಲೋ ಸಿಕ್ಕಿಸಿರುತ್ತಾರೆ. ಪರ್ಪಲ್ ಬೆಲ್ಟ್ ಆರ್ಮ್‌ಬಾರ್ (ತೋಳು ನೆಟ್ಟಗೆ ಹಿಡಿದು ಮೊಣಕೈಗೆ ಒತ್ತಡ ಹಾಕುವ ಪಟ್ಟು) ಹಾಕುತ್ತಾರೆ. ಮತ್ತೆ ಅಲ್ಲಿಂದಲೇ ಶುರು. ಮತ್ತೆ ತಳ್ಳುತ್ತೀರಿ, ಮತ್ತೆ ಆರ್ಮ್‌ಬಾರ್. ಮೂರನೇ ಸಲ ತೋಳು ಹಿಡಿದು, ಸೊಂಟ ಎತ್ತಿ, ಅಲ್ಲೇ ನಿಲ್ಲುತ್ತಾರೆ. ನೆಟ್ಟಗಾದ ಮೊಣಕೈಯನ್ನು ಎರಡು ಬೆರಳಲ್ಲಿ ತಟ್ಟುತ್ತಾರೆ. ನೀವು ಮೊಣಕೈ ಒಳಗೆ ಎಳೆದುಕೊಂಡು, ಬೆನ್ನು ನೇರ ಮಾಡಿ, ಕೈಯನ್ನು ಎದೆಯಿಂದ ಅವರ ಸೊಂಟಕ್ಕೆ ಇಳಿಸಿದರೆ ಆಟ ಮುಂದೆ ಹೋಗುತ್ತದೆ. ನಾಲ್ಕನೇ ಸಲ ತಳ್ಳಲು ಹೊರಟ ಕೈ ತಾನಾಗಿಯೇ ಮಡಚಿಕೊಳ್ಳುತ್ತದೆ.

ಆ ಜಾಸ್ತಿ ಇರುವುದನ್ನು ಏನು ಮಾಡುತ್ತಾರೆ ಅಂತ ಮೇಲೆ ಹೇಳಿದ್ದು ಇದನ್ನೇ. ಒಂದು ಎಚ್ಚರಿಕೆಯೂ ಇದೆ. ಎಲ್ಲ ಪರ್ಪಲ್ ಬೆಲ್ಟೂ ಹೀಗಿರುವುದಿಲ್ಲ. ಕೆಲವರು ತಮ್ಮ ಹೊಸ ಪ್ರಯೋಗಕ್ಕೆ ಹೊಸಬರನ್ನು ಗೊಂಬೆಯ ಹಾಗೆ ಬಳಸುತ್ತಾರೆ. ಎರಡು ರೌಂಡು ಆಡಿದರೆ ಗೊತ್ತಾಗುತ್ತದೆ. ಇನ್ನು ಕೆಲವರು ತೀರಾ ಬಿಟ್ಟುಕೊಡುತ್ತಾರೆ. ನೀವು ಮಾಡಿದ್ದೆಲ್ಲ ಆಗುತ್ತದೆ, ಮನೆಗೆ ಖುಷಿಯಲ್ಲಿ ಹೋಗುತ್ತೀರಿ, ಮರುದಿನ ಅದೇ ಸ್ವೀಪ್ ಯಾರ ಮೇಲೂ ನಡೆಯುವುದಿಲ್ಲ. ಅಂಥವರಿಗೆ ‘ಇನ್ನೊಂದು ಸ್ವಲ್ಪ ಗಟ್ಟಿಯಾಗಿ ಆಡಿ, ಪರವಾಗಿಲ್ಲ’ ಅನ್ನಬಹುದು. ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ಲೂ ಬೆಲ್ಟ್: ಆಳು ನೋಡಿ ಹೇಳಬೇಕು

ಬ್ಲೂನಲ್ಲಿ ಎರಡು ಬಗೆ. ಎರಡು-ಮೂರು ವರ್ಷ ಆ ಬಣ್ಣದಲ್ಲೇ ಕಳೆದವರು ಬಹುಮಟ್ಟಿಗೆ ಪರ್ಪಲ್‌ನಂತೆಯೇ ಆಡುತ್ತಾರೆ. ನಿನ್ನೆ-ಮೊನ್ನೆ ಆದವರು ಎಲ್ ಬೋರ್ಡ್ ಕಿತ್ತ ಮರುದಿನದ ಡ್ರೈವರ್ ಇದ್ದಂತೆ. ವೈಟ್ ಬೆಲ್ಟ್‌ಗೆ ಟ್ಯಾಪ್ ಮಾಡಿದರೆ ಮರ್ಯಾದೆ ಹೋಯಿತು ಅನ್ನುವ ಭಯ ಅವರಿಗೆ. ಅದಕ್ಕೇ ಬಿಗಿ ಜಾಸ್ತಿ.

ಆದರೂ ಅವರಿಂದ ಒಂದು ಲಾಭ ಇದೆ. ಅವರ ಹತ್ತಿರ ಚೆನ್ನಾಗಿ ಬರುವ ಪಟ್ಟು ಒಂದೋ ಎರಡೋ. ಟ್ರಯಾಂಗಲ್ (ಕುತ್ತಿಗೆ ಮತ್ತು ಒಂದು ತೋಳನ್ನು ಕಾಲುಗಳಿಂದ ಸುತ್ತಿ ಬಿಗಿಯುವ ಪಟ್ಟು) ಹುಚ್ಚಿನವನ ಜೊತೆ ನಾಲ್ಕು ರೌಂಡು ಆಡಿದರೆ ಟ್ರಯಾಂಗಲ್ ಬರುವ ಮುನ್ಸೂಚನೆ ನಿಮಗೆ ಬಾಯಿಪಾಠ ಆಗುತ್ತದೆ: ನಿಮ್ಮ ಒಂದು ಕೈ ಅವರ ಕಾಲುಗಳ ಒಳಗೆ, ಇನ್ನೊಂದು ಹೊರಗೆ. ವಾರಕ್ಕೆ ಎರಡು ರೌಂಡು ಬ್ಲೂ ಬೆಲ್ಟಿನವರಿಗೆ ಕೊಡಬಹುದು. ಸ್ಪರ್ಧೆಯ ನಿಯಮದಲ್ಲಿ ಮಣಿಕಟ್ಟು ತಿರುಚುವ ಪಟ್ಟಿಗೆ ಅವಕಾಶ ಶುರುವಾಗುವುದು ಬ್ಲೂನಿಂದ. ನಿಮಗೆ ಅದು ಗೊತ್ತಿಲ್ಲದಿದ್ದರೆ ಮೊದಲೇ ಹೇಳಿಬಿಡಿ.

ನಿಮ್ಮಂಥದೇ ವೈಟ್ ಬೆಲ್ಟ್

ನಾಲ್ಕೂ ಅಳತೆಯಲ್ಲಿ ಇವರಿಗೆ ಹೆಚ್ಚು ಅಂಕ ಸಿಗುವುದು ಮೂರನೆಯದರಲ್ಲಿ. ಇಬ್ಬರಿಗೂ ಜಾಗ ಇದೆ, ಇಬ್ಬರೂ ಆಕ್ರಮಣ ಮಾಡಬಹುದು, ಗೆಲ್ಲಲೂಬಹುದು. ಕಲಿತದ್ದು ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡಲು ಇವರೇ ಸರಿ. ಸುರಕ್ಷತೆಯಲ್ಲಿ ಮಾತ್ರ ನನಗೆ ಅತಿ ಹೆಚ್ಚು ಭಯ ಇರುವುದೂ ಇವರ ಬಗ್ಗೆಯೇ. ಸಿಕ್ಕಿದ್ದನ್ನು ಹಿಡಿದು ಎಳೆಯುತ್ತಾರೆ, ನಿಂತಲ್ಲಿಂದ ಮೈಮೇಲೆ ಬೀಳುತ್ತಾರೆ. ನಿಂತಲ್ಲಿಂದ ಹಾರಿ ಗಾರ್ಡ್ ಹಾಕುವುದನ್ನು ವೈಟ್ ಬೆಲ್ಟಿನವರಿಗೆ ಐಬಿಜೆಜೆಎಫ್ ನಿಷೇಧಿಸಿರುವುದು ಸುಮ್ನೆ ಅಲ್ಲ. ಎದುರಾಳಿಯ ಮಂಡಿ ಅದಕ್ಕೆ ಬಲಿಯಾಗುತ್ತದೆ. ಇಬ್ಬರೂ ಹೊಸಬರಾದರೆ ಮಂಡಿಯ ಮೇಲೆ ಕೂತು ಶುರು ಮಾಡಿ.

ನಮ್ಮ ಕಡೆ ಇನ್ನೊಂದು ವಿಶೇಷ. ಸೊಂಟದಲ್ಲಿ ವೈಟ್ ಬೆಲ್ಟ್ ಇದ್ದ ಮಾತ್ರಕ್ಕೆ ಹೊಸಬ ಅಂದುಕೊಳ್ಳಬೇಡಿ. ದಾವಣಗೆರೆ, ಬೆಳಗಾವಿ ಕಡೆ ಗರಡಿಯಲ್ಲಿ ಬೆಳೆದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಬಂದು ಕ್ಲಾಸಿಗೆ ಸೇರಿದರೆ, ನಿಂತ ಆಟದಲ್ಲಿ ಬ್ರೌನ್ ಬೆಲ್ಟಿಗೂ ನೀರು ಕುಡಿಸಬಲ್ಲ. ನೆಲದ ಆಟದಲ್ಲಿ ಅವನಿಗೂ ಹೊಸತು ಕಾದಿರುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು, ಇಲ್ಲಿ ಅರ್ಧ ಆಟ ಶುರುವಾಗುವುದೇ ಬೆನ್ನ ಮೇಲೆ ಮಲಗಿ. ಅಂಥವರ ಜೊತೆ ಒಪ್ಪಂದ ಮಾಡಿಕೊಳ್ಳಿ: ನಿಂತ ಆಟ ನೀನು ಕಲಿಸು, ಗಾರ್ಡ್ ನಾನು ತೋರಿಸುತ್ತೇನೆ. ಟೇಕ್‌ಡೌನ್ (ನಿಂತವರನ್ನು ನೆಲಕ್ಕೆ ಕೆಡವುವುದು) ವಿಷಯದಲ್ಲಿ ಇವರೇ ನಿಮ್ಮ ಅನುಭವಿ ಜೋಡಿ.

ತೂಕದ ಮಾತು

‘ಜಿಯು-ಜಿತ್ಸುನಲ್ಲಿ ತೂಕ ಲೆಕ್ಕಕ್ಕಿಲ್ಲ’ ಅನ್ನುವುದನ್ನು ಪೂರ್ತಿ ನಂಬಬೇಡಿ. 77 ಕೆ.ಜಿ. ವಿಭಾಗದಲ್ಲಿ ನಾಲ್ಕು ಸಲ ಎಡಿಸಿಸಿ (ಗ್ರ್ಯಾಪ್ಲಿಂಗ್‌ನ ವಿಶ್ವಮಟ್ಟದ ಸ್ಪರ್ಧೆ) ಗೆದ್ದ ಮಾರ್ಸೆಲೊ ಗಾರ್ಸಿಯಾ ತಮಗಿಂತ ಎಷ್ಟೋ ದೊಡ್ಡವರನ್ನು ಮಣಿಸಿದ್ದಾರೆ, ನಿಜ. ಆದರೆ ಅವರು ಮಾರ್ಸೆಲೊ ಗಾರ್ಸಿಯಾ. ನಿಮ್ಮ ತೂಕ 60, ಎದುರಿನವರದು 95 ಆದರೆ ಅವರು ಎಷ್ಟು ನುರಿತವರು ಅನ್ನುವುದರ ಮೇಲೆ ನಿಮ್ಮ ಪಕ್ಕೆಲುಬಿನ ಕ್ಷೇಮ ನಿಂತಿದೆ. ನುರಿತ ಭಾರದವರು ತಮ್ಮ ತೂಕ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಅಂತ ನಿಯಂತ್ರಿಸುತ್ತಾರೆ. ಹೊಸಬ ಭಾರದವರು ಬಿದ್ದಲ್ಲಿ ಬೀಳುತ್ತಾರೆ.

ಇದನ್ನೇ ತಿರುಗಿಸಿ ನೋಡಿದರೆ, ನಿಮಗಿಂತ ಹಗುರವಾದ ಅನುಭವಿ ಜೋಡಿ ನಿಜವಾದ ನಿಧಿ. 80 ಕೆ.ಜಿ. ಗಂಡಸರು 55 ಕೆ.ಜಿ. ಪರ್ಪಲ್ ಬೆಲ್ಟ್ ಹೆಣ್ಣುಮಗಳ ಜೊತೆ ಆಡಲು ಹಿಂಜರಿಯುವುದನ್ನು ನೋಡಿದ್ದೇನೆ. ಅವರೇ ಕಳೆದುಕೊಳ್ಳುವುದು. ಅಷ್ಟು ಚಿಕ್ಕವರು ನಿಮ್ಮನ್ನು ತಿರುಗಿಸಿ ಹಾಕಿದರು ಅಂದರೆ ಅದರಲ್ಲಿ ಬಲದ ಪಾಲು ಇರಲು ಸಾಧ್ಯವೇ ಇಲ್ಲ, ಅಲ್ವಾ? ಕೋನ, ಹಿಡಿತ, ಸಮಯ ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಒಂದೇ ಷರತ್ತು: ನೀವೂ ಬಲ ಹಾಕಬಾರದು.

ಹೆಣ್ಣುಮಕ್ಕಳಿಗೆ ಈ ಆಯ್ಕೆ ಇನ್ನೂ ಮುಖ್ಯ. ಬಹಳಷ್ಟು ಕ್ಲಾಸುಗಳಲ್ಲಿ ಹೆಂಗಸರ ಸಂಖ್ಯೆ ಕಡಿಮೆ. ದಿನಾ ಅದೇ ಒಬ್ಬಳು ಹೊಸ ಗೆಳತಿಯ ಜೊತೆ ಆಡುವುದೋ, ಗಂಡಸರ ಜೊತೆ ಆಡುವುದೋ ಅನ್ನುವ ಪ್ರಶ್ನೆ. ಹೊಸದಾಗಿ ಸೇರಿದ ಗಂಡಸಿಗಿಂತ, ಹಗುರವಾದ ಹಳೆಯ ಪರ್ಪಲ್ ಬೆಲ್ಟ್ ಗಂಡಸು ಎಷ್ಟೋ ವಾಸಿ. ಯಾರ ಜೊತೆಗಾದರೂ ಸರಿ ಅನ್ನಿಸದಿದ್ದರೆ ‘ಈ ರೌಂಡ್ ಬೇಡ’ ಅಂದರೆ ಸಾಕು. ಕಾರಣ ಹೇಳಬೇಕಿಲ್ಲ. ಕಾರಣ ಕೇಳಿ ಒತ್ತಾಯ ಮಾಡುವ ಕ್ಲಾಸ್ ಆದರೆ ಕ್ಲಾಸನ್ನೇ ಬದಲಾಯಿಸಿ.

ದುಡ್ಡು ಕೊಟ್ಟು ಕೊಳ್ಳುವ ಅನುಭವ

ತಿಂಗಳ ಫೀಸು ಬಿಟ್ಟು ಇನ್ನೂ ಖರ್ಚು ಮಾಡಲು ಸಿದ್ಧ ಇರುವವರಿಗೆ ಮೂರು ದಾರಿ. ಪ್ರೈವೇಟ್ ಕ್ಲಾಸ್, ಓಪನ್ ಮ್ಯಾಟ್, ಸೆಮಿನಾರ್.

ಪ್ರೈವೇಟ್ ಕ್ಲಾಸ್ ಗಂಟೆ ಲೆಕ್ಕದಲ್ಲಿ ಗುಂಪು ಕ್ಲಾಸಿಗಿಂತ ಎಷ್ಟೋ ಪಟ್ಟು ದುಬಾರಿ. ಸೇರಿದ ತಿಂಗಳಲ್ಲೇ ತೆಗೆದುಕೊಂಡರೆ ದುಡ್ಡು ದಂಡ. ಎಲ್ಲರಿಗೂ ಹೇಳಿಕೊಡುವ ಫ್ರೇಮ್, ಬ್ರಿಡ್ಜ್, ಶ್ರಿಂಪ್‌ನಂಥ ಆರಂಭದ ಚಲನೆಗಳನ್ನೇ ನಿಮಗೂ ಹೇಳಿಕೊಡುತ್ತಾರೆ. ಆರೆಂಟು ತಿಂಗಳು ಆಡಿ, ‘ಮೌಂಟ್‌ನಿಂದ (ಎದುರಾಳಿ ಮೈಮೇಲೆ ಕೂತ ಸ್ಥಿತಿ) ಹೊರಬರಲು ಆಗುತ್ತಿಲ್ಲ’ ಅನ್ನುವಂಥ ಸ್ಪಷ್ಟ ಪ್ರಶ್ನೆ ಹುಟ್ಟಿದಾಗ ಒಂದು ಗಂಟೆ ತೆಗೆದುಕೊಳ್ಳಿ. ನಿಮ್ಮ ಮಟ್ಟದ ಗೆಳೆಯನನ್ನು ಸೇರಿಸಿಕೊಂಡು ಖರ್ಚು ಹಂಚಿಕೊಳ್ಳಲು ಎಷ್ಟೋ ಕೋಚ್‌ಗಳು ಒಪ್ಪುತ್ತಾರೆ. ಕೋಚ್ ಹೊರಗೆ ಕೂತು ನೋಡುವ ಲಾಭವೂ ಆಗ ಸಿಗುತ್ತದೆ.

ಓಪನ್ ಮ್ಯಾಟ್‌ನಲ್ಲಿ ಪಾಠ ಇಲ್ಲ, ಬರೀ ಆಟ. ಒಂದೂವರೆ ಗಂಟೆಯಲ್ಲಿ ವಾರದ ಪೂರ್ತಿ ರೌಂಡುಗಳು ಸಿಕ್ಕಿಬಿಡುತ್ತವೆ. ಬೇರೆ ಬೇರೆ ಅಕಾಡೆಮಿಯವರು ಬರುವುದರಿಂದ ಗೊತ್ತಿಲ್ಲದ ಆಟವೂ ಸಿಗುತ್ತದೆ. ಆದರೆ ಎದುರಿನವರ ಸ್ವಭಾವವೂ ಗೊತ್ತಿರುವುದಿಲ್ಲ. ನೋ-ಗೀ (ಜಿಯು-ಜಿತ್ಸು ಉಡುಪಾದ ಗೀ ಇಲ್ಲದ ಆಟ) ಆದರೆ ಕಾಲಿನ ಪಟ್ಟುಗಳ ಬಗ್ಗೆ ಶುರುವಿನಲ್ಲೇ ಮಾತಾಡಿ. ಹೀಲ್ ಹುಕ್‌ನಲ್ಲಿ (ಹಿಮ್ಮಡಿ ಹಿಡಿದು ತಿರುಚುವ ಪಟ್ಟು) ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್‌ಗೆ ಏಟಾಗಿರಬಹುದು. ಐಬಿಜೆಜೆಎಫ್ ಅದಕ್ಕೆ ಅವಕಾಶ ಕೊಟ್ಟದ್ದೇ 2021ರಲ್ಲಿ, ಅದೂ ನೋ-ಗೀಯಲ್ಲಿ, ವಯಸ್ಕ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟಿನವರಿಗೆ ಮಾತ್ರ. ‘ನೇರ ಆ್ಯಂಕಲ್ ಲಾಕ್ ಬಿಟ್ಟು ಬೇರೆ ಬೇಡ’ ಅನ್ನಲು ನಾಚಿಕೆ ಬೇಡ.

ಸೆಮಿನಾರ್ ಚೆನ್ನಾಗಿರುತ್ತದೆ, ಫೋಟೊ ಬರುತ್ತದೆ. ಬೆಳವಣಿಗೆಗೆ ಅಂತ ದುಡ್ಡು ಎತ್ತಿಟ್ಟಿದ್ದರೆ ಅದು ನನ್ನ ಪಟ್ಟಿಯಲ್ಲಿ ಕೊನೆಗೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಸೇರಿ ಆರು ತಿಂಗಳೊಳಗಿನವರು 9 ರೌಂಡಿನಲ್ಲಿ ಆರನ್ನು ಪರ್ಪಲ್, ಬ್ರೌನ್ ಮತ್ತು ಹಳೆಯ ಬ್ಲೂಗಳಿಗೆ ಕೊಡಿ. ಎರಡು ನಿಮ್ಮ ಮಟ್ಟದವರಿಗೆ, ಒಂದು ಕೋಚ್‌ಗೆ. ವರ್ಷ ದಾಟಿದವರಿಗೆ ಲೆಕ್ಕ ಬದಲಾಗುತ್ತದೆ. ನಿಮ್ಮ ಮಟ್ಟದವರ ಪಾಲು ನಾಲ್ಕಕ್ಕೆ ಏರಲಿ. ಸದಾ ನುರಿತವರ ಜೊತೆಗೇ ಆಡಿದವರಿಗೆ ತಪ್ಪಿಸಿಕೊಳ್ಳುವುದು ಚೆನ್ನಾಗಿ ಬರುತ್ತದೆ, ಮುಗಿಸುವುದು ಬರುವುದಿಲ್ಲ. ಆ ಹೊತ್ತಿಗೆ ನಿಮಗಿಂತ ಹೊಸಬರೂ ಬಂದಿರುತ್ತಾರೆ. ಅವರ ಜೊತೆ ಆಡುವಾಗ ಅನುಭವಿ ಜೋಡಿ ನೀವೇ.

ಟೂರ್ನಮೆಂಟ್ ಗುರಿ ಇದ್ದವರಿಗೆ ಬೇರೆ ದಾರಿ. ವೈಟ್ ಬೆಲ್ಟ್ ವಯಸ್ಕರ ಪಂದ್ಯ 5 ನಿಮಿಷ. ಟೇಕ್‌ಡೌನ್‌ಗೆ 2 ಅಂಕ, ಗಾರ್ಡ್ ಪಾಸ್‌ಗೆ 3, ಮೌಂಟ್‌ಗೆ 4. ಕೊನೆಯ ನಾಲ್ಕು ವಾರ ನಿಮ್ಮ ತೂಕದ, ನಿಮ್ಮ ಮಟ್ಟದ, ಬಿಟ್ಟುಕೊಡದ ಜೋಡಿ ಬೇಕು. ದಯೆ ತೋರಿಸುವ ಬ್ರೌನ್ ಬೆಲ್ಟ್ ಆಗ ಉಪಯೋಗಕ್ಕಿಲ್ಲ. ಅವರನ್ನು ಬದಿಗೆ ಕೂರಿಸಿ ಅಂಕ ಎಣಿಸಲು ಹೇಳಿ.

ನಲವತ್ತು ದಾಟಿದವರು, ಬೆನ್ನು-ಮಂಡಿ ಹಳೇ ನೋವಿದ್ದವರು ಬರೀ ಮೊದಲನೆಯ ಅಳತೆ ನೋಡಿದರೂ ತಪ್ಪಿಲ್ಲ. ನುರಿತ, ಶಾಂತ ಇಬ್ಬರು-ಮೂವರನ್ನು ಗುರುತಿಸಿಕೊಂಡು ವರ್ಷಗಟ್ಟಲೆ ಅವರ ಜೊತೆಗೇ ಆಡಿ. ಊರಿನಲ್ಲಿ ಮೇಲಿನ ಬೆಲ್ಟಿನವರೇ ಇಲ್ಲ, ಒಬ್ಬ ಬ್ಲೂ ಬೆಲ್ಟ್ ಕ್ಲಾಸ್ ನಡೆಸುತ್ತಿದ್ದಾರೆ ಅನ್ನುವವರು ಪೂರ್ತಿ ಸ್ಪಾರಿಂಗ್ ಕಡಿಮೆ ಮಾಡಿ. ಒಂದೇ ಸ್ಥಿತಿಯಿಂದ ಶುರು ಮಾಡಿ, ಯಾರಾದರೂ ಪಾಸ್ ಅಥವಾ ಸ್ವೀಪ್ ಮಾಡಿದ ಕೂಡಲೇ ಮತ್ತೆ ಅಲ್ಲಿಗೇ ಬನ್ನಿ. ಅನುಭವಿ ಜೋಡಿ ಕೊಡುತ್ತಿದ್ದ ಮರುಕಳಿಕೆ ಹೀಗೆ ಸ್ವಲ್ಪಮಟ್ಟಿಗಾದರೂ ಸಿಗುತ್ತದೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿನಂಥ ಕಡೆ ಒಂದು ಓಪನ್ ಮ್ಯಾಟ್‌ಗೆ ಹೋಗಿ ಬನ್ನಿ. ಹೋಗುವ ಮೊದಲು ಫೋನ್ ಮಾಡಿ, ಫೀಸು, ಗೀ ಬೇಕಾ ಬೇಡ್ವಾ ಎಲ್ಲ ಕೇಳಿಕೊಳ್ಳಿ.

ಕೇಳುವುದು, ಟ್ಯಾಪ್ ಮಾಡುವುದು

ಕೆಲವು ಹಳೇ ಶೈಲಿಯ ಅಕಾಡೆಮಿಗಳಲ್ಲಿ ಕೆಳಗಿನ ಬೆಲ್ಟಿನವರು ಮೇಲಿನವರನ್ನು ರೋಲ್‌ಗೆ ಕರೆಯಬಾರದು ಅನ್ನುವ ರೂಢಿ ಇದೆ. ಈಗ ಬಹಳ ಕಡೆ ಇಲ್ಲ. ನಿಮ್ಮಲ್ಲಿ ಹೇಗೆ ಅಂತ ಕೋಚ್‌ನ ಒಮ್ಮೆ ಕೇಳಿ. ಕರೆಯುವಾಗ ‘ಸರ್, ಒಂದು ರೌಂಡ್ ಆಡೋಣ್ವಾ? ಇವತ್ತು ಸೈಡ್ ಕಂಟ್ರೋಲ್‌ನಿಂದ ಹೊರಬರೋದು ನೋಡಬೇಕು’ ಅಂದರೆ ಆಯಿತು. ಏನು ಬೇಕು ಅಂತ ಹೇಳಿದವರಿಗೆ ಇಲ್ಲ ಅನ್ನುವವರು ಕಡಿಮೆ. ಉಗುರು ಕತ್ತರಿಸಿರಲಿ, ಗೀ ಒಗೆದಿರಲಿ. ಹುಳುಕಡ್ಡಿ ಆಗಿದ್ದರೆ ವಾಸಿಯಾಗುವವರೆಗೂ ಮನೆಯಲ್ಲೇ ಇರಿ. ಒಬ್ಬರಿಂದ ಇಡೀ ಕ್ಲಾಸಿಗೆ ಹರಡುತ್ತದೆ.

ಟ್ಯಾಪ್ ಮಾಡಲು ತಡ ಮಾಡಬೇಡಿ. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಕಟ್ಟಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿಯವರು ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಅವರಿಗೆ ಟ್ಯಾಪ್ ಮಾಡದೆ ತೋಳು ಮುರಿಸಿಕೊಂಡರು. ಕೊನೆಗೆ ಗ್ರೇಸಿ ಕಡೆಯಿಂದಲೇ ಸೋಲೊಪ್ಪಿ ಟವೆಲ್ ಬಿತ್ತು. ಅದು ಸಾವಿರಾರು ಜನರ ಮುಂದಿನ ಪಂದ್ಯ. ನಿಮ್ಮದು ಮಂಗಳವಾರ ಸಂಜೆಯ ಕ್ಲಾಸು. ನುರಿತವರ ಜೊತೆ ಬೇಗ ಟ್ಯಾಪ್ ಮಾಡಿದರೆ ಅದೇ ಐದು ನಿಮಿಷದಲ್ಲಿ ಇನ್ನೂ ಎರಡು ಸಲ ಮೊದಲಿನಿಂದ ಆಡಬಹುದು.

ಈ ಹಂಚಿಕೆಯನ್ನು ಮೂರು ತಿಂಗಳಿಗೊಮ್ಮೆ ತಿರುಗಿ ನೋಡಿ. ಮೊದಲು ಸಲೀಸಾಗಿ ಜಾಗ ಬಿಡುತ್ತಿದ್ದ ಪರ್ಪಲ್ ಬೆಲ್ಟ್ ಈಗ ಬೆವರು ಒರೆಸಿಕೊಂಡು ಆಡುತ್ತಿದ್ದಾರೆ ಅಂದರೆ, ಅವರ ಪಾಲಿನ ಒಂದು ರೌಂಡು ತೆಗೆದು ಬ್ರೌನ್‌ಗೆ ಕೊಡಿ, ಇನ್ನೊಂದನ್ನು ಹೊಸದಾಗಿ ಸೇರಿದವರಿಗೆ.